ಮೊಲಕ್ಕೆ ಬೂಸ್ಟರ್ ಆರು ತಿಂಗಳಿಗಾ, ವರ್ಷಕ್ಕಾ? ಈ ಲೆಕ್ಕ ಬಂದಿದ್ದು ಎಲ್ಲಿಂದ

ಇಂಗ್ಲೆಂಡಿಗೆ ಬಂದ ಮೇಲೆ ಮಗಳಿಗೆ ಅಂತ ಮೊದಲ ಮೊಲ ತಂದಿದ್ದು 2014ರಲ್ಲಿ. ಹೊಸ ಗೂಡಿಗೆ ಯಾಕೆ ದುಡ್ಡು ಹಾಕ್ತೀರಿ ಅಂತ ಪಕ್ಕದ್ಮನೆ ಅಜ್ಜಿ ತಮ್ಮ ಹಳೇ ಮರದ ಗೂಡು ಕೊಟ್ರು, ಜೊತೆಗೊಂದು ಬಿಸ್ಕೆಟ್ ಡಬ್ಬಿ. ಅದರಲ್ಲಿ ಉಗುರು ಕತ್ತರಿಸೋ ಕಟರ್, ಒಂದು ಬ್ರಷ್, ಮತ್ತೆ ತೀರ್ಕೊಂಡ ಅವರ ಮೊಲದ ವ್ಯಾಕ್ಸಿನ್ ಕಾರ್ಡು ಇತ್ತು. ಕಾರ್ಡ್ ತೆಗೆದು ನೋಡಿದ್ರೆ ಮೇ, ನವೆಂಬರ್, ಮೇ, ನವೆಂಬರ್ ಅಂತ ಆರಾರು ತಿಂಗಳಿಗೆ ಒಂದೊಂದು ಸೀಲು. ನಮ್ಮ ಮೊಲಕ್ಕೆ ವೆಟ್, ಅಂದ್ರೆ ಪ್ರಾಣಿಗಳ ಡಾಕ್ಟ್ರು, ಹೇಳಿದ್ದು ವರ್ಷಕ್ಕೊಂದೇ ಇಂಜೆಕ್ಷನ್. 2016ರಲ್ಲಿ ಅದೇ ವೆಟ್ ಈ ಸಲ ಎರಡು ಹಾಕ್ಬೇಕು, ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂದ್ರು. ಈಗಿರೋ ಎರಡನೇ ಮೊಲಕ್ಕೆ ಮತ್ತೆ ವರ್ಷಕ್ಕೊಂದು. ಅದೇ ಊರು, ಅದೇ ಜಾತಿ ಪ್ರಾಣಿ, ಆದ್ರೂ ಲೆಕ್ಕ ಮಾತ್ರ ಬದಲಾಗ್ತಾನೇ ಇದೆ. ಸುಮ್ಮನೆ ಬಿಲ್ ಏರಿಸೋಕೆ ಹೀಗೆ ಮಾಡ್ತಾರೆ ಅಂತ ಅಂದ್ಕೊಳೋರು ಬೇಕಾದಷ್ಟು ಜನ ಇದ್ದಾರೆ, ನನಗೂ ಮೊದಲು ಹಾಗೇ ಅನ್ಸಿತ್ತು. ಆದ್ರೆ ಕೂತು ಓದಿದ ಮೇಲೆ ಗೊತ್ತಾಗಿದ್ದು, ಈ ಒಂದೊಂದು ಲೆಕ್ಕದ ಹಿಂದೂ ಒಂದು ಕಥೆ ಇದೆ, ಮತ್ತೆ ಆ ಕಥೆ ಬಹುಪಾಲು ಮನುಷ್ಯರೇ ಮೊಲಗಳಿಗೆ ಮಾಡಿದ್ದು.

ಇಲ್ಲಿ ಮೊಲಕ್ಕೆ ಲಸಿಕೆ ಹಾಕಿಸೋದು ಎರಡು ರೋಗಕ್ಕೆ. ಮೊದಲನೇದು ಮಿಕ್ಸೊಮಟೋಸಿಸ್, ಚಿಕ್ಕದಾಗಿ ಮಿಕ್ಸೊ. 1896ರಲ್ಲಿ ಉರುಗ್ವೆಯ ಮಾಂಟೆವಿಡಿಯೋದಲ್ಲಿ ಸನರೆಲ್ಲಿ ಅನ್ನೋ ಇಟಾಲಿಯನ್ ವಿಜ್ಞಾನಿ ಲ್ಯಾಬಿಗೆ ಅಂತ ಯುರೋಪಿನ ಮೊಲ ತರಿಸಿದ್ರು, ಅವೆಲ್ಲ ಕಣ್ಣು ಊದ್ಕೊಂಡು ಸತ್ತೋದ್ವು. ದಕ್ಷಿಣ ಅಮೆರಿಕದ ಕಾಡು ಮೊಲಕ್ಕೆ ಈ ವೈರಸ್ಸಿಂದ ಚರ್ಮದ ಮೇಲೊಂದು ಗಂಟು ಬರುತ್ತೆ ಅಷ್ಟೇ, ಯುರೋಪಿನ ಮೊಲಕ್ಕೆ ಅದೇ ವೈರಸ್ ಯಮ. ನಾವು ಮನೇಲಿ ಸಾಕೋ ಮೊಲಗಳೆಲ್ಲ, ಲಾಪ್ ಇರ್ಲಿ ಅಂಗೋರಾ ಇರ್ಲಿ, ಈ ಯುರೋಪಿನ ಮೊಲದ ವಂಶವೇ. ಇದನ್ನ ನೋಡಿ ಆಸ್ಟ್ರೇಲಿಯಾದವರಿಗೆ ಒಂದು ಐಡಿಯಾ ಬಂತು. ಅಲ್ಲಿ 1859ರಲ್ಲಿ ಥಾಮಸ್ ಆಸ್ಟಿನ್ ಅನ್ನೋ ಜಮೀನ್ದಾರ ಬೇಟೆಗೆ ಅಂತ ತರಿಸಿ ಬಿಟ್ಟ ಕೆಲವೇ ಮೊಲಗಳು ದೇಶ ತುಂಬಾ ಹಬ್ಬಿ ಹುಲ್ಲುಗಾವಲು ಬೋಳು ಮಾಡಿದ್ವು. 1950ರಲ್ಲಿ ಮರ್ರೆ ನದಿ ಕಣಿವೇಲಿ ವೈರಸ್ ಬಿಟ್ರು, ಸೊಳ್ಳೆಗಳು ಅದನ್ನ ಹೊತ್ಕೊಂಡು ಹೋದ್ವು. ಮೊದಲ ಅಲೆಯಲ್ಲಿ ರೋಗ ತಗುಲಿದ ನೂರು ಮೊಲದಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಸತ್ವು. ಜನಕ್ಕೆ ಇದರಿಂದ ಏನೂ ಆಗಲ್ಲ ಅಂತ ತೋರಿಸೋಕೆ ಬರ್ನೆಟ್, ಫೆನ್ನರ್, ಕ್ಲೂನೀಸ್ ರಾಸ್ ಅನ್ನೋ ಮೂರು ಜನ ವಿಜ್ಞಾನಿಗಳು ತಮಗೇ ಆ ವೈರಸ್ ಚುಚ್ಚಿಕೊಂಡ್ರು.

ಯುರೋಪಿಗೆ ಇದು ಬಂದಿದ್ದು ಇನ್ನೂ ವಿಚಿತ್ರ. ಫ್ರಾನ್ಸಿನಲ್ಲಿ ಅರ್ಮಾನ್ ದೆಲೀಲ್ ಅನ್ನೋ ನಿವೃತ್ತ ಡಾಕ್ಟ್ರು ತಮ್ಮ ಎಸ್ಟೇಟಲ್ಲಿ ಮೊಲದ ಕಾಟ ತಪ್ಪಿಸೋಕೆ 1952ರ ಜೂನಲ್ಲಿ ಎರಡು ಮೊಲಕ್ಕೆ ವೈರಸ್ ಚುಚ್ಚಿ ಬಿಟ್ರು. ಸುತ್ತ ಕಾಂಪೌಂಡ್ ಗೋಡೆ ಇದೆ, ಹೊರಗೆ ಹೋಗಲ್ಲ ಅಂತ ಅವರ ನಂಬಿಕೆ. ವರ್ಷ ಕಳೆಯೋದ್ರೊಳಗೆ ಫ್ರಾನ್ಸ್ ತುಂಬಾ ಮೊಲಗಳು ಕುರುಡಾಗಿ ರಸ್ತೆ ಬದಿ ಕೂತಿದ್ವು, 1953ರ ಶರತ್ಕಾಲಕ್ಕೆ ಸಮುದ್ರ ದಾಟಿ ಇಂಗ್ಲೆಂಡಿನ ಕೆಂಟ್‌ನಲ್ಲೂ ಕಾಣಿಸ್ಕೊಂಡ್ತು. ಇಲ್ಲಿನ ರೈತರು ಬೇಕಂತಲೇ ಕಾಯಿಲೆ ಮೊಲ ತಂದು ತಮ್ಮ ಹೊಲದಲ್ಲಿ ಬಿಡೋಕೆ ಶುರು ಮಾಡಿದಾಗ 1954ರಲ್ಲಿ ಅದನ್ನ ಅಪರಾಧ ಅಂತ ಕಾನೂನು ಮಾಡಿದ್ರು. ಇಲ್ಲಿ ಸೊಳ್ಳೆಗಿಂತ ಮೊಲದ ಚಿಗಟವೇ ಇದನ್ನ ಹೆಚ್ಚು ಹರಡೋದು, ಮತ್ತೆ ಅದು ಇವತ್ತಿನವರೆಗೂ ಹೋಗಿಲ್ಲ.

ಈಗ ಆ ಮೇ-ನವೆಂಬರ್ ಸೀಲಿನ ವಿಷಯಕ್ಕೆ ಬರ್ತೀನಿ. ಇಲ್ಲಿ ಸಾಕು ಮೊಲಕ್ಕೆ ಹಾಕ್ತಿದ್ದ ಹಳೇ ಮಿಕ್ಸೊ ಲಸಿಕೇಲಿ ಇದ್ದಿದ್ದು ಮಿಕ್ಸೊಮಾ ವೈರಸ್ಸೇ ಅಲ್ಲ, ಅದರ ಸೋದರಸಂಬಂಧಿ, ಶೋಪ್ ಫೈಬ್ರೋಮಾ ಅನ್ನೋ ಇನ್ನೊಂದು ಮೊಲದ ವೈರಸ್. ಹೆಚ್ಚೂಕಡಿಮೆ ದನದ ಸಿಡುಬಿಂದ ಮನುಷ್ಯರ ಸಿಡುಬಿಗೆ ರಕ್ಷಣೆ ಸಿಕ್ಕಿದ ಹಾಗೇ. ಬೇರೆ ವೈರಸ್ಸಿಂದ ಬಂದ ರಕ್ಷಣೆ ಜಾಸ್ತಿ ದಿನ ನಿಲ್ಲಲ್ಲ, ಅದಕ್ಕೇ ರೋಗ ಇರೋ ಕಡೆ ಆರು ತಿಂಗಳಿಗೊಮ್ಮೆ ಹಾಕಿಸಿ ಅಂತಿದ್ರು. ಚಿಗಟ ಸೊಳ್ಳೆ ಏಳೋ ಮುಂಚೆ ಮೇ ತಿಂಗಳಲ್ಲಿ ಒಂದು ಅಂತ ಇಟ್ಕೊಂಡಿದ್ದಕ್ಕೆ ಅರ್ಥ ಇತ್ತು. ಅಜ್ಜಿ ಹನ್ನೊಂದು ವರ್ಷ ಆ ಮೊಲ ಸಾಕಿದ್ರಂತೆ, ಒಂದು ಸೀಲೂ ತಪ್ಪಿಸಿಲ್ಲ.

ಎರಡನೇ ರೋಗ ಆರ್‌ಎಚ್‌ಡಿ, ಒಳಗೊಳಗೇ ರಕ್ತಸ್ರಾವ ಆಗಿ ಸಾಯೋ ಕಾಯಿಲೆ. 1984ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ ಜರ್ಮನಿಯಿಂದ ತರಿಸಿದ ಅಂಗೋರಾ ಮೊಲಗಳಲ್ಲಿ ಮೊದಲು ಕಂಡಿದ್ದು, ಒಂದೇ ವರ್ಷದೊಳಗೆ ಅಲ್ಲಿ 14 ಕೋಟಿ ಸಾಕು ಮೊಲ ಸತ್ವು ಅಂತ ಲೆಕ್ಕ. ಎರಡೇ ವರ್ಷದಲ್ಲಿ ಇಟಲಿ, 1992ಕ್ಕೆ ಬ್ರಿಟನ್. ಇದು ಮಿಕ್ಸೊ ತರ ನರಳಿಸಿ ಕೊಲ್ಲಲ್ಲ. ರಾತ್ರಿ ಚೆನ್ನಾಗಿ ಹುಲ್ಲು ತಿಂದ ಮೊಲ ಬೆಳಿಗ್ಗೆ ಗೂಡಲ್ಲಿ ಅಡ್ಡ ಬಿದ್ದಿರುತ್ತೆ, ಕೆಲವು ಸಲ ಮೂಗಲ್ಲಿ ರಕ್ತ, ಎಷ್ಟೋ ಸಲ ಅದೂ ಇರಲ್ಲ. ಗೂಡಿಂದ ಆಚೆ ಕಾಲಿಡದ ಮೊಲಕ್ಕೂ ಬರುತ್ತೆ ಯಾಕಂದ್ರೆ ವೈರಸ್ ಒಣಹುಲ್ಲಲ್ಲಿ, ನಮ್ಮ ಚಪ್ಪಲಿ ತಳದಲ್ಲಿ, ನೊಣದ ಕಾಲಲ್ಲಿ ಬರುತ್ತೆ, ಸತ್ತ ಮೊಲದ ದೇಹದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. "ನಮ್ಮದು ಒಳಗೇ ಇರೋ ಮೊಲ, ಅದಕ್ಯಾಕೆ ಇಂಜೆಕ್ಷನ್ನು" ಅಂತ ಕೇಳೋರಿಗೆ ನಾನು ಹೇಳೋದು ಇದನ್ನೇ.

ಇದನ್ನೂ ಮೊಲದ ಕಾಟ ಕಳೆಯೋ ಆಯುಧ ಮಾಡ್ಕೊಂಡ್ರು. ಆಸ್ಟ್ರೇಲಿಯಾದವರು ವಾರ್ಡಾಂಗ್ ದ್ವೀಪದಲ್ಲಿ ಟೆಸ್ಟ್ ಮಾಡ್ತಿದ್ದಾಗ 1995ರಲ್ಲಿ ವೈರಸ್ ತಪ್ಪಿಸ್ಕೊಂಡು ಮುಖ್ಯ ಭೂಭಾಗಕ್ಕೆ ಹೋಯ್ತು. ನ್ಯೂಜಿಲೆಂಡ್ ಸರ್ಕಾರ ಇದು ಬೇಡ ಅಂತ ತೀರ್ಮಾನ ಮಾಡಿದ್ರೂ 1997ರಲ್ಲಿ ಅಲ್ಲಿನ ರೈತರು ಕದ್ದು ತರಿಸಿ, ಸತ್ತ ಮೊಲದ ಈಲಿ ಎಲ್ಲ ಅಡುಗೆಮನೆ ಮಿಕ್ಸಿಲಿ ರುಬ್ಬಿ ಹೊಲಕ್ಕೆ ಹರಡಿದ್ರು. ಹೊಲದಲ್ಲಿ ಹರಡಿದ್ದು ಹಿತ್ತಲಲ್ಲಿರೋ ಸಾಕು ಮೊಲಕ್ಕೂ ಬರುತ್ತಲ್ವಾ, ಆ ಮೊಲ ಸಾಕಿದ ಮಕ್ಕಳನ್ನ ಕೇಳೋರು ಯಾರು.

ಈ ರೋಗದ ಲಸಿಕೆ ವರ್ಷಕ್ಕೊಂದು. ಹಾಗಾಗಿ 2000ದ ಆಸುಪಾಸಲ್ಲಿ ಇಲ್ಲಿ ಎರಡು ಕ್ಯಾಲೆಂಡರ್ ಇತ್ತು, ಮಿಕ್ಸೊಗೆ ಆರು ತಿಂಗಳು, ಆರ್‌ಎಚ್‌ಡಿಗೆ ಹನ್ನೆರಡು. ಇದನ್ನ ಒಂದು ಮಾಡಿದ್ದು ನೋಬಿವ್ಯಾಕ್ ಮಿಕ್ಸೊ-ಆರ್‌ಎಚ್‌ಡಿ ಅನ್ನೋ ಲಸಿಕೆ, ಬ್ರಿಟನ್ನಲ್ಲಿ 2012ರಿಂದ ಸಿಕ್ತಿತ್ತು. ಶಕ್ತಿ ಕುಂದಿಸಿದ ಮಿಕ್ಸೊಮಾ ವೈರಸ್ಸನ್ನೇ ತಗೊಂಡು ಅದರೊಳಗೆ ಆರ್‌ಎಚ್‌ಡಿ ವೈರಸ್ಸಿನ ಹೊರಕವಚದ ಜೀನ್ ಸೇರಿಸಿದ್ದು. ಒಂದೇ ಚುಚ್ಚು, ಎರಡು ರೋಗ, ಒಂದು ವರ್ಷ. ನಮ್ಮ ಮೊದಲ ಮೊಲಕ್ಕೆ ಹಾಕಿಸಿದ್ದು ಇದನ್ನೇ.

ಅಷ್ಟರಲ್ಲಿ ವೈರಸ್ ಬದಲಾಗಿತ್ತು. 2010ರಲ್ಲಿ ಫ್ರಾನ್ಸಿನಲ್ಲಿ ಲಸಿಕೆ ಹಾಕಿಸಿದ ಮೊಲಗಳೂ ಸಾಯ್ತಾ ಇರೋದು ಕಂಡು ಪರೀಕ್ಷೆ ಮಾಡಿದ್ರೆ ಹೊಸ ತಳಿ, ಆರ್‌ಎಚ್‌ಡಿವಿ-2. ಹಳೇ ತಳಿ ಎಳೇ ಮರಿಗಳನ್ನ ಬಿಡ್ತಿತ್ತು, ಇದು ಕೆಲವೇ ವಾರದ ಮರಿಗಳನ್ನೂ ಬಿಡಲ್ಲ. ಹಳೇ ಲಸಿಕೆ ಇದಕ್ಕೆ ಸರಿಯಾಗಿ ನಾಟಲ್ಲ. 2016ರಲ್ಲಿ ನಮ್ಮನ್ನ ಎರಡು ಸಲ ಓಡಾಡಿಸಿದ್ದು ಇದೇ ಕಾರಣಕ್ಕೆ, ಹೊಸ ತಳಿಗೂ ನಾಟೋ ಫ್ರಾನ್ಸಿನ ಫಿಲಾವ್ಯಾಕ್ ಲಸಿಕೆ ಆಗ ಇಲ್ಲಿಗೆ ಬಂತು, ಎರಡು ಲಸಿಕೆ ನಡುವೆ ಕನಿಷ್ಠ ಎರಡು ವಾರ ಇರ್ಬೇಕಿತ್ತು. ಬ್ರೀಡಿಂಗ್ ಮಾಡೋರು, ಹತ್ತಿರದಲ್ಲೇ ರೋಗ ಬಂದಿರೋರು ಇದನ್ನ ಆರು ತಿಂಗಳಿಗೇ ಹಾಕಿಸೋದು ಒಳ್ಳೇದು ಅಂತಲೂ ಸಲಹೆ ಇತ್ತು. 2020ರಲ್ಲಿ ಮಿಕ್ಸೊ, ಆರ್‌ಎಚ್‌ಡಿಯ ಹಳೇ ತಳಿ, ಹೊಸ ತಳಿ ಮೂರಕ್ಕೂ ಸೇರಿಸಿ ನೋಬಿವ್ಯಾಕ್ ಪ್ಲಸ್ ಬಂತು, ಮತ್ತೆ ವರ್ಷಕ್ಕೊಂದಾಯ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲದೆ ಮೊಲ ಕಳ್ಕೊಳೋ ಹಾಗಾಗುತ್ತೆ. ಪ್ಲಸ್ ಲಸಿಕೆ ಕೆಲಸ ಮಾಡ್ಬೇಕಾದ್ರೆ ಅದರಲ್ಲಿರೋ ಜೀವಂತ ಮಿಕ್ಸೊ ವೈರಸ್ ಮೊಲದ ಮೈಯಲ್ಲಿ ಸ್ವಲ್ಪ ಬೆಳೀಬೇಕು, ಬೆಳೆದ್ರೇನೇ ಅದು ಹೊತ್ತು ತಂದ ಆರ್‌ಎಚ್‌ಡಿ ಕವಚ ಮೈಗೆ ಪರಿಚಯ ಆಗೋದು. ಹಳೇ ಮಿಕ್ಸೊ-ಆರ್‌ಎಚ್‌ಡಿ ಲಸಿಕೆ ಆಗಿರೋ ಅಥವಾ ಮಿಕ್ಸೊ ಬಂದು ಬದುಕಿರೋ ಮೊಲದ ಮೈ ಆ ವೈರಸ್ಸನ್ನ ಬಾಗಿಲಲ್ಲೇ ಹೊಡೆದು ಹಾಕಬಹುದು, ಹೊಸ ತಳಿಯ ಪಾಠ ಒಳಗೆ ಹೋಗದೇನೇ ಇರಬಹುದು. ಕಾರ್ಡಲ್ಲಿ ಸೀಲ್ ಇರುತ್ತೆ, ರಕ್ಷಣೆ ಇರುತ್ತೋ ಇಲ್ವೋ ಗ್ಯಾರಂಟಿ ಇಲ್ಲ. ಅಂಥ ಮೊಲಕ್ಕೆ ಫಿಲಾವ್ಯಾಕ್ ಬೇರೆ ಹಾಕಿಸ್ಬೇಕು. ಅದಕ್ಕೇ ಎಷ್ಟು ತಿಂಗಳಿಗೆ ಅಂತ ಕೇಳೋ ಮುಂಚೆ ಮೊದಲು ಹಾಕಿದ್ದು ಯಾವುದು ಅಂತ ಕೇಳ್ಬೇಕು. ದತ್ತು ತಗೊಂಡ ಮೊಲ ಆದ್ರೆ ಹಳೇ ಕಾರ್ಡನ್ನ ಕಾಡಿ ಬೇಡಿ ಆದ್ರೂ ಇಸ್ಕೊಳಿ.

ಹಾಗಾದ್ರೆ ಈ ಹನ್ನೆರಡು ತಿಂಗಳು ಅನ್ನೋದು ಎಲ್ಲಿಂದ ಬಂತು? ಹದಿಮೂರನೇ ತಿಂಗಳು ರಕ್ಷಣೆ ಹೋಗ್ಬಿಡುತ್ತೆ ಅಂತ ಅಲ್ಲ. ಲಸಿಕೆ ಹಾಕಿದ ಮೊಲಗಳನ್ನ ಇಷ್ಟು ತಿಂಗಳು ಇಟ್ಕೊಂಡು ಆಮೇಲೆ ನಿಜವಾದ ವೈರಸ್ ಕೊಟ್ಟು ಬದುಕ್ತಾವಾ ಅಂತ ನೋಡ್ತಾರೆ, ಎಷ್ಟು ತಿಂಗಳು ಟೆಸ್ಟ್ ಮಾಡಿದ್ರೋ ಅಷ್ಟನ್ನೇ ಲೇಬಲ್ ಮೇಲೆ ಬರೀಬಹುದು. ಹೊಸ ತಳಿಗೆ ಅಂತ ಮಾಡಿರೋ ಸ್ಪೇನಿನ ಎರಾವ್ಯಾಕ್ ಅನ್ನೋ ಲಸಿಕೆಯ ಲೇಬಲ್ಲಲ್ಲಿ ಮೊದಲು ಒಂಬತ್ತು ತಿಂಗಳು ಅಂತಿತ್ತು, ಜಾಸ್ತಿ ದಿನದ ಟೆಸ್ಟ್ ಆದ್ಮೇಲೆ ಒಂದು ವರ್ಷ ಆಯ್ತು, ಬಾಟಲಿಯೊಳಗಿನ ಔಷಧಿ ಅದೇ. ನಾಯಿಗಳಿಗೆ ಹೀಗೇ ಟೆಸ್ಟ್ ಮಾಡಿ ಮಾಡಿ ಮುಖ್ಯ ಲಸಿಕೆಗಳನ್ನ ದೊಡ್ಡ ನಾಯಿಗೆ ಮೂರು ವರ್ಷಕ್ಕೊಮ್ಮೆಗೆ ತಂದ್ರು. ಅದನ್ನ ನೋಡಿ ಮೊಲಕ್ಕೂ ಎರಡು-ಮೂರು ವರ್ಷ ಬಿಟ್ರೆ ನಡೆಯುತ್ತೆ ಅನ್ನೋರಿಗೆ ನಾನು ಒಪ್ಪಲ್ಲ. ಮೊಲದ ಲಸಿಕೆ ಲೇಬಲ್ ಒಂದು ವರ್ಷಕ್ಕಿಂತ ಮುಂದೆ ಹೋಗಿಲ್ಲ, ವೈರಸ್ಸೂ ನಿಂತಲ್ಲಿ ನಿಂತಿಲ್ಲ. ಬೂಸ್ಟರ್ ಒಂದು ವಾರ ತಡ ಆದ್ರೆ ಎದೆ ಒಡ್ಕೊಳೋದು ಬೇಡ, ಒಂದು ವರ್ಷ ತಡ ಮಾಡೋದು ಮಾತ್ರ ಜೂಜು.

ಮತ್ತೆ ಇದು ದೇಶ ದೇಶಕ್ಕೂ ಬೇರೆ. ಮೆಲ್ಬರ್ನ್‌ನಲ್ಲಿರೋ ನನ್ನ ಕಾಲೇಜ್ ಗೆಳತಿ ಮೊಲ ಸಾಕಿದ್ದಾಳೆ, ಅವಳಿಗೆ ಮಿಕ್ಸೊ ಲಸಿಕೆ ಸಿಗೋದೇ ಇಲ್ಲ. ಜೀವಂತ ಲಸಿಕೆ ವೈರಸ್ ಕಾಡು ಮೊಲಕ್ಕೆ ಹರಡಿ ಅವಕ್ಕೂ ರಕ್ಷಣೆ ಕೊಟ್ಬಿಟ್ರೆ ಅನ್ನೋ ಭಯಕ್ಕೆ ಆಸ್ಟ್ರೇಲಿಯಾ ಸಾಕು ಮೊಲಕ್ಕೂ ಅದನ್ನ ಬಿಟ್ಟಿಲ್ಲ. ಅವಳ ಬಾಲ್ಕನಿ ಗೂಡಿಗೆ ಸೊಳ್ಳೆಪರದೆ ಹೊಲಿದಿದ್ದಾಳೆ, ಸಂಜೆ ಆದ್ರೆ ಮೊಲ ಒಳಗೆ. ಅಮೆರಿಕದಲ್ಲಿ 2020ರಲ್ಲಿ ನ್ಯೂ ಮೆಕ್ಸಿಕೋ ಕಡೆ ಹೊಸ ತಳಿ ಕಾಡು ಮೊಲಗಳಿಗೆ ಹಬ್ಬಿದಾಗ ಅವರದೇ ಲಸಿಕೆ ಇರಲಿಲ್ಲ, ವೆಟ್‌ಗಳು ಪರ್ಮಿಟ್ ತಗೊಂಡು ಯುರೋಪಿಂದ ತರಿಸ್ತಿದ್ರು. 2021ರಲ್ಲಿ ಸೌತ್ ಡಕೋಟಾದ ಮೆಡ್‌ಜೀನ್ ಕಂಪನಿ ಲಸಿಕೆಗೆ ಅನುಮತಿ ಸಿಕ್ತು, ಮೂರು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಬೆಂಗಳೂರಲ್ಲಿ ಮೊಲ ಸಾಕಿರೋ ನನ್ನ ತಂಗಿ ನಿಮ್ಮ ಕಾರ್ಡ್ ಫೋಟೋ ಕಳ್ಸು, ನಾನೂ ಹಾಗೇ ಹಾಕಿಸ್ತೀನಿ ಅಂದ್ಲು. ಹಾಗೆ ಆಗಲ್ಲ ಕಣೇ ಅಂದೆ, ನಿಮ್ಮೂರಲ್ಲಿ ಯಾವ ರೋಗ ಇದೆ, ಏನು ಸಿಗುತ್ತೆ ಅಂತ ಮೊಲ ನೋಡಿ ಗೊತ್ತಿರೋ ಅಲ್ಲಿನ ಡಾಕ್ಟ್ರನ್ನೇ ಕೇಳು, ಇಲ್ಲಿನ ಕ್ಯಾಲೆಂಡರ್ ಇಲ್ಲಿನ ರೋಗಕ್ಕೆ ಮಾಡಿದ್ದು.

ಈಗಿರೋ ನಮ್ಮ ಮೊಲ ಶುರುವಿಂದಲೂ ಪ್ಲಸ್ ಮೇಲೇ ಇದೆ, ಮಿಕ್ಸೊ ಬಂದಿಲ್ಲ, ಹಾಗಾಗಿ ವರ್ಷಕ್ಕೊಂದೇ ಸಾಕು ಅಂತ ಹೋದ ಸಲ ವೆಟ್ ಕಾರ್ಡ್ ತಿರುವಿ ನೋಡಿ ಹೇಳಿದ್ರು. ಆಮೇಲೆ ಹಿತ್ತಲ ಆಚೆ ಗದ್ದೇಲಿ ಕಾಡು ಮೊಲ ಓಡಾಡ್ತಾವಾ, ಒಣಹುಲ್ಲು ಎಲ್ಲಿಂದ ತರ್ತೀರಿ ಅಂತ ಕೇಳಿದ್ರು. ಓಡಾಡ್ತಾವೆ ಅಂದೆ. ಹಾಗಾದ್ರೆ ಚಳಿಗಾಲದಲ್ಲಿ ಬೇಡ, ಏಪ್ರಿಲ್ ಕೊನೇಗೆ ಬನ್ನಿ, ಚಿಗಟ ಏಳೋ ಮುಂಚೆ ಆಗ್ಲಿ ಅಂತ ತಾರೀಕು ಬರ್ಕೊಟ್ರು. ಆ ಕಾರ್ಡನ್ನೂ ಅಜ್ಜಿಯ ಬಿಸ್ಕೆಟ್ ಡಬ್ಬೀಲೇ ಇಟ್ಟಿದ್ದೀನಿ, ಅವರ ಮೊಲದ ಕಾರ್ಡಿನ ಮೇಲೆ.