ಹುಣಸೆಹಣ್ಣು ತಂಬಿಗೆಗೆ ಸರಿ, ಹಳೇ ನಾಣ್ಯಕ್ಕಲ್ಲ

ಹೊಸನಗರ, ಸಾಗರದ ಕಡೆ ತೋಟದ ಬಸಿಗಾಲುವೆ ತೆಗೆಯುವಾಗಲೋ ಮೆಟಲ್ ಡಿಟೆಕ್ಟರ್ ಸದ್ದು ಮಾಡಿದಲ್ಲಿ ಕೆದಕಿದಾಗಲೋ ತಾಮ್ರದ ಕಾಸು ಸಿಕ್ಕರೆ, ಕೈ ಮೊದಲು ಹೋಗುವುದು ಹುಣಸೆಹಣ್ಣಿಗೆ, ಜೊತೆಗೆ ಚಿಟಿಕೆ ಉಪ್ಪಿಗೆ. ತಂಬಿಗೆ ಫಳಫಳ ಹೊಳೆಯುವುದು ಹೀಗೇ. ನಾಣ್ಯ ಹಾಳಾಗುವುದೂ ಹೀಗೇ.

ಮಣ್ಣಿನೊಳಗೆ ತಾಮ್ರದ ಮೈಮೇಲೆ ಕೆಂಪು ಕ್ಯೂಪ್ರೈಟ್, ಅದರ ಮೇಲೆ ಹಸಿರು ಮ್ಯಾಲಕೈಟ್ ಎಂಬ ಖನಿಜಗಳ ಪದರ ಕಟ್ಟುತ್ತದೆ. ಟಿಪ್ಪುವಿನ ಆನೆ ಕಾಸಿನ ಹಿಂದೆ ಪಾರ್ಸಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ನಮ್ಮ ಬಿದನೂರಿನದಾದರೆ 'ನಗರ'. ಆ ಅಕ್ಷರದ ಅಂಚು ಈಗ ಉಳಿದಿರುವುದು ಬಹುಪಾಲು ಈ ಪದರದಲ್ಲೇ. ಹುಣಸೆಯ ಹುಳಿಯು ಈ ಪದರವನ್ನು ಕರಗಿಸಿದರೆ ಕೈಗೆ ಬರುವುದು ಗುಳಿಬಿದ್ದ ನಸುಗುಲಾಬಿ ಬಿಲ್ಲೆ. ಉಪ್ಪು ಇನ್ನೂ ಕೆಟ್ಟದ್ದು. ಅದರ ಕ್ಲೋರೈಡ್ ತಾಮ್ರಕ್ಕೆ ಅಂಟಿ, ಗಾಳಿಯ ತೇವ ತಗುಲಿದಾಗಲೆಲ್ಲ ಆಮ್ಲ ಹುಟ್ಟಿಸಿ ಮತ್ತೆ ತಾಮ್ರವನ್ನೇ ತಿನ್ನುತ್ತದೆ. ಮಲೆನಾಡಿನ ಒಂದು ಮಳೆಗಾಲ ಸಾಕು, ನಾಣ್ಯದ ಮೇಲೆ ತಿಳಿಹಸಿರು ಪುಡಿ ಉದುರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಸುವವರಿದ್ದಾರೆ. ಎಣ್ಣೆ ಹಸಿರಾದರೆ ತಾಮ್ರ ಕರಗುತ್ತಿದೆ ಎಂದೇ ಅರ್ಥ.

ತೊಳೆಯುವ ಮೊದಲು ಒಂದು ಮಾತು: ಹಳೇ ಕಾಲದ ನಾಣ್ಯ ಸಿಕ್ಕರೆ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಸಂರಕ್ಷಿತ ಕೋಟೆ, ಗುಡಿಗಳ ಜಾಗದಲ್ಲಂತೂ ಅನುಮತಿಯಿಲ್ಲದೆ ಅಗೆಯಲೇಬಾರದು.

ತಾಮ್ರದ ನಾಣ್ಯ ತೊಳೆಯಲು ಬೇಕಾದದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರಬಹುದು, ಬೇಡ. ಗಾಜಿನ ಲೋಟದಲ್ಲಿ 100 ಮಿ.ಲೀ. ನೀರು, ಒಂದೇ ನಾಣ್ಯ. ದಿನಕ್ಕೊಮ್ಮೆ ನೀರು ಬದಲಿಸಿ, ಎರಡು ವಾರ. ಜಂಬಿಟ್ಟಿಗೆಯ ಕೆಮ್ಮಣ್ಣು ಮೆತ್ತಗಾದ ಮೇಲೆ ತುದಿ ಚೂಪು ಮಾಡಿದ ಬಿದಿರು ಕಡ್ಡಿಯಿಂದ, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಅಕ್ಷರದ ಸಂದಿನಿಂದ ಹೊರಕ್ಕೆ ಎಬ್ಬಿಸಿ. ಕಡ್ಡಿ ಸದಾ ಒದ್ದೆಯಿರಲಿ. ಮಣ್ಣಿನ ಜೊತೆ ಹಸಿರು ಚಕ್ಕೆ ಏಳತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಇನ್ನೆರಡು ದಿನ ನೆನೆಯಲಿ. ಪಿನ್ನು, ತಂತಿ ಬ್ರಷ್, ಪೀತಾಂಬರಿ ಪುಡಿ ಹತ್ತಿರವೂ ಸುಳಿಯಬಾರದು.

ಬೆಳ್ಳಿ ರೂಪಾಯಿಯ ಕಪ್ಪು ಬೇರೆ, ಅದು ಬೆಳ್ಳಿಗೆ ಗಂಧಕ ಸೇರಿ ಆದ ಪದರ. ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು, ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಸುರಿದರೆ ಕೆಲ ನಿಮಿಷಕ್ಕೇ ತಿಳಿಯಾಗುತ್ತದೆ. ಈಗಿನ ಸ್ಟೀಲ್ ನಾಣ್ಯಕ್ಕೆ ಸೋಪಿನ ನೀರೇ ಸಾಕು.

ಒಣಗಿಸುವಾಗ ಹತ್ತಿ ಬಟ್ಟೆಯಿಂದ ಒತ್ತಿ, ಉಜ್ಜಬೇಡಿ. ಹಳೇ ಮಾದರಿಯ 40 ವಾಟ್ ಬಲ್ಬಿನ ಕೆಳಗೆ ಎರಡು ತಾಸು ಇಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ. ಬೆವರಿನಲ್ಲೂ ಉಪ್ಪಿದೆ, ಅಂಚು ಹಿಡಿದೇ ಎತ್ತಿ. ಆಷಾಢದಲ್ಲಿ ಒಮ್ಮೆ ತೆರೆದು ನೋಡಿ: ತಿಳಿಹಸಿರು ಪುಡಿ ಕಂಡರೆ ಕ್ಲೋರೈಡ್ ಒಳಗೇ ಉಳಿದಿದೆ, ಇನ್ನು ಅದು ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರ ಕೆಲಸ.