ಬೆಂಗಳೂರು ಅರಮನೆ ಮತ್ತು ಬಿಟ್ಟೂ ಬಿಡದ ವಿಂಡ್ಸರ್ ಕಥೆ

ಪ್ರಶ್ನೆ: ಬೆಂಗಳೂರು ಅರಮನೆಯಲ್ಲಿ ಮಹಾರಾಜರು ಪಾರ್ಟಿ ಕೊಡುತ್ತಿದ್ದ ಬಾಲ್‌ರೂಮ್ ಇದೆಯಂತೆ. ಚಾಮರಾಜೇಂದ್ರ ಒಡೆಯರ್ ಇಂಗ್ಲೆಂಡಿಗೆ ಹೋಗಿ, ವಿಂಡ್ಸರ್ ಕೋಟೆ ನೋಡಿ ಮನಸೋತು, ಅದರಂತೆಯೇ ಈ ಅರಮನೆ ಕಟ್ಟಿಸಿದರಂತೆ. ನಿಜವಾ?

ಬಾಲ್‌ರೂಮ್ ಇದೆ, ನೆಲಮಹಡಿಯಲ್ಲಿ. ಮೆಟ್ಟಿಲು ಹತ್ತಿದರೆ ಸಿಗುವ ಬಣ್ಣದ ಗಾಜಿನ ಕಿಟಕಿಗಳ ದೊಡ್ಡ ಹಾಲ್ ಮಾತ್ರ ಬಾಲ್‌ರೂಮ್ ಅಲ್ಲ, ಅದು ದರ್ಬಾರ್ ಹಾಲ್. ಫೋಟೊ ಹಾಕುವವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಕುಣಿಯುವ ಜಾಗ ಬೇರೆ, ದೊರೆಯ ಮುಂದೆ ಕೈಕಟ್ಟಿ ನಿಲ್ಲುವ ಜಾಗ ಬೇರೆ ಅಲ್ವಾ?

ಈಗ ವಿಂಡ್ಸರ್. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ದಯವಿಟ್ಟು ಬೆರಳು ಮಡಚಿ ಲೆಕ್ಕ ಹಾಕುತ್ತಾ ಬನ್ನಿ.

ಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1863ರಲ್ಲಿ. ಈ ಕಟ್ಟಡದ ಕೆಲಸ ಶುರುವಾದದ್ದು 1862ರಲ್ಲಿ. ಹುಟ್ಟುವ ಮೊದಲೇ ಯಾರಾದರೂ ವಿಂಡ್ಸರ್ ನೋಡಿ ಬರಲು ಆಗುತ್ತದೆಯೇ? ಕಟ್ಟಿಸಲು ಹೊರಟವರು ರಾಜಮನೆತನದವರೇ ಅಲ್ಲ. ಅವರು ರೆವರೆಂಡ್ ಜಾನ್ ಗ್ಯಾರೆಟ್, ಮುಂದೆ ಸೆಂಟ್ರಲ್ ಕಾಲೇಜ್ ಆದ ಶಾಲೆಯ ಮುಖ್ಯಸ್ಥರು. ಅಂದರೆ ಇದು ಮೊದಲಿಗೆ ಮೇಷ್ಟ್ರ ಮನೆ.

ಅರಮನೆಯಾದದ್ದು 1873ರಲ್ಲಿ. ಆಗ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಬಾಲಕ ಮಹಾರಾಜರಿಗೆ ಬ್ರಿಟಿಷರೇ ನೇಮಿಸಿದ ಪೋಷಕರಿದ್ದರು. ಹುಡುಗ ಬೆಂಗಳೂರಿನಲ್ಲಿದ್ದು ಆಡಳಿತ ಕಲಿಯಬೇಕು, ಅದಕ್ಕೊಂದು ಮನೆ ಬೇಕು ಅಂತ ಅವರು 40,000 ರೂಪಾಯಿಗೆ ಗ್ಯಾರೆಟ್ ಮನೆಯನ್ನು ಕೊಂಡರು. 1874ರಿಂದ 1878ರವರೆಗೆ ದೊಡ್ಡದಾಗಿ ಬೆಳೆಸಿ ಕಟ್ಟಿಸಿದರು. ಖರೀದಿಯ ಹೊತ್ತಿಗೆ ಮಹಾರಾಜರಿಗೆ ಹತ್ತು ವರ್ಷ, ಕೆಲಸ ಮುಗಿದಾಗ ಹದಿನೈದು. ರಾಜ್ಯದ ಅಧಿಕಾರ ಅವರ ಕೈಗೆ ಬಂದದ್ದು 1881ರಲ್ಲಿ. ಹೈಸ್ಕೂಲು ವಯಸ್ಸಿನ ಹುಡುಗ ಇಂಗ್ಲೆಂಡ್ ಸುತ್ತಿ ಬಂದು, ನಕ್ಷೆ ಮುಂದಿಟ್ಟುಕೊಂಡು ಮೇಸ್ತ್ರಿಗೆ ಅಪ್ಪಣೆ ಕೊಟ್ಟ ಅಂತ ಹೇಳಿದರೆ ಯಾರು ನಂಬುತ್ತಾರೆ? ಆದರೂ ನಂಬುತ್ತಾರೆ, ಅದೇ ಸಂಕಟ.

‘ನೋಡೋಕೆ ಹಾಗೇ ಇದೆಯಲ್ಲ ಸಾರ್’ ಅನ್ನುವವರಿಗೆ: ವಿಂಡ್ಸರ್ ಕೋಟೆಗೆ ಸುಮಾರು ಸಾವಿರ ವರ್ಷ. ನಟ್ಟನಡುವೆ ಮಣ್ಣಿನ ದಿಬ್ಬ, ಅದರ ನೆತ್ತಿಯ ಮೇಲೆ ದುಂಡನೆಯ ಗೋಪುರ. ಅದೇ ಆ ಕೋಟೆಯ ಗುರುತು. ನಮ್ಮ ಅರಮನೆಯಲ್ಲಿ ದಿಬ್ಬ ಎಲ್ಲಿದೆ ತೋರಿಸಿ. ಹಲ್ಲುಹಲ್ಲಾದ ಗೋಡೆತಲೆ, ಗೋಪುರಗಳು, ಗೋಡೆಗೆ ಹಬ್ಬಿದ ಬಳ್ಳಿ ಇವೆಲ್ಲ ಟ್ಯೂಡರ್ ಶೈಲಿಯ ಗುರುತುಗಳು. ಆ ಕಾಲದಲ್ಲಿ ಇಂಗ್ಲೆಂಡಿನ ಎಷ್ಟೋ ದೊಡ್ಡ ಮನೆಗಳು ಇದೇ ವೇಷದಲ್ಲಿದ್ದವು. ದೂರದಿಂದ ವಿಂಡ್ಸರ್ ನೆನಪಾಗುತ್ತದೆ ಎಂದರೆ ನನ್ನ ತಕರಾರಿಲ್ಲ. ನಕಲು ಎನ್ನಬೇಡಿ, ಅಷ್ಟೇ.

ಮದುವೆಯ ವಿಷಯವೂ ಹೇಳಿಬಿಡುತ್ತೇನೆ. ಮೇಖ್ರಿ ಸರ್ಕಲ್‌ನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡು ನೀವು ತಲುಪುವ ‘ಪ್ಯಾಲೇಸ್ ಗ್ರೌಂಡ್ಸ್ ಮದುವೆ’ ಅರಮನೆಯೊಳಗೆ ನಡೆಯುವುದಲ್ಲ, ಸುತ್ತಲಿನ ಮೈದಾನದ ಹಾಲ್ ಮತ್ತು ಪೆಂಡಾಲುಗಳಲ್ಲಿ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2011ರಲ್ಲಿ ಮೆಟಾಲಿಕಾ ಹಾಡಿದ್ದೂ ಆ ಮೈದಾನದಲ್ಲೇ. ಬಾಲ್‌ರೂಮಿನಲ್ಲಿ ಅಷ್ಟು ಜನ ಕುಣಿದಿದ್ದರೆ ಮೇಲಿನ ದರ್ಬಾರ್ ಹಾಲ್ ಕೆಳಗೆ ಬರುತ್ತಿತ್ತು.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಈ ಗ್ಯಾರೆಟ್ ಯಾರು? ನನಗಂತೂ ಬಾಲ್‌ರೂಮಿಗಿಂತ ಇವರ ಮೇಲೇ ಜಾಸ್ತಿ ಕುತೂಹಲ. ಬಂದದ್ದು ವೆಸ್ಲಿಯನ್ ಮಿಷನರಿಯಾಗಿ. ಆದರೆ 1849ರಲ್ಲಿ ಬೆಂಗಳೂರಿನಿಂದ ಭಗವದ್ಗೀತೆಯನ್ನು ಅಚ್ಚು ಹಾಕಿಸಿದರು. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಪಕ್ಕಪಕ್ಕದ ಕಾಲಂಗಳಲ್ಲಿ. ಇಂಗ್ಲಿಷ್ ಮಾತ್ರ ಚಾರ್ಲ್ಸ್ ವಿಲ್ಕಿನ್ಸ್‌ರ ಹಳೆಯ ಅನುವಾದ, ಕನ್ನಡ ಸಂಸ್ಕೃತದಿಂದ ಹೊಸದಾಗಿ ಮಾಡಿಸಿದ್ದು. ಪಾದ್ರಿಯೊಬ್ಬರು ಗೀತೆ ಅಚ್ಚು ಹಾಕಿಸಿದ ಈ ಕಥೆ ಅರಮನೆ ನೋಡಲು ಬರುವ ಎಷ್ಟು ಜನರಿಗೆ ಗೊತ್ತು? ಮುಂದಿನ ಸಲ ಪ್ರಶ್ನೆ ಕಳಿಸುವವರು ಇವರ ಬಗ್ಗೆ ಕೇಳಿ, ಖುಷಿಯಿಂದ ಬರೆಯುತ್ತೇನೆ.