ಕರಾವಳಿಯ ಮಳೆಗಾಲದಲ್ಲಿ ಇದ್ದಿಲಿನ ಚಿತ್ರವನ್ನು ಕಾಪಾಡುವುದು ಹೇಗೆ?

ಪ್ರಶ್ನೆ: ಕಾರವಾರದಲ್ಲಿ ನಮ್ಮ ಮನೆ ಕಡಲಿಗೆ ಹತ್ತಿರದಲ್ಲಿದೆ. ಚಾರ್ಕೋಲ್ ಚಿತ್ರವೊಂದಕ್ಕೆ ಫಿಕ್ಸೆಟಿವ್ ಸಿಂಪಡಿಸಿ, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಆದರೂ ಒಂದೇ ಮಳೆಗಾಲದಲ್ಲಿ ಕಾಗದ ಸುಕ್ಕುಗಟ್ಟಿ, ಮೂಲೆಗಳಲ್ಲಿ ಬೂಸ್ಟು ಬಂದಿದೆ. ಹೀಗೇಕಾಯಿತು?

ಉತ್ತರ: ಫಿಕ್ಸೆಟಿವ್ ಮಾಡುವ ಕೆಲಸ ಬೇರೆ, ನಿಮ್ಮ ಚಿತ್ರಕ್ಕೆ ಒದಗಿದ ತೊಂದರೆ ಬೇರೆ. ಫಿಕ್ಸೆಟಿವ್ ಎಂದರೆ ಬೇಗ ಆರುವ ದ್ರಾವಕದಲ್ಲಿ ಕರಗಿಸಿದ ರಾಳ. ದ್ರಾವಕ ಆರಿಹೋದ ಮೇಲೆ ಉಳಿಯುವ ರಾಳದ ತೆಳುಪದರವು ಇದ್ದಿಲಿನ ಪುಡಿಯನ್ನು ಕಾಗದದ ತರಿಗೆ ಅಂಟಿಸುತ್ತದೆಯೇ ಹೊರತು, ಕಾಗದ ತೇವ ಹೀರುವುದನ್ನು ತಡೆಯುವುದಿಲ್ಲ. ಇದ್ದಿಲು ಬಹುಪಾಲು ಇಂಗಾಲವಾದ್ದರಿಂದ ಬೆಳಕಿಗೆ ಮಾಸುವುದೂ ಇಲ್ಲ, ಕೊಳೆಯುವುದೂ ಇಲ್ಲ. ಫ್ರಾನ್ಸಿನ ಶೋವೆ ಗುಹೆಯ ಗೋಡೆಗಳ ಮೇಲೆ ಇದ್ದಿಲಿನಿಂದ ಬರೆದ ಪ್ರಾಣಿಗಳು 30,000 ವರ್ಷಗಳಿಗೂ ಹಳೆಯವು. ನಮ್ಮ ಕಡೆ ಕೆಡುವುದು ಕಾಗದ, ಆದ್ದರಿಂದ ಕಾಪಾಡಬೇಕಾದದ್ದೂ ಮೊದಲು ಕಾಗದವನ್ನೇ.

ಗಾಳಿಯ ಸಾಪೇಕ್ಷ ತೇವಾಂಶ ಶೇ. 65–70 ದಾಟಿ ಕೆಲಕಾಲ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಸ್ಟು ಬೆಳೆಯತೊಡಗುತ್ತದೆ; ಕಾರವಾರದಲ್ಲಿ ಜುಲೈ ತಿಂಗಳಿನಲ್ಲಿ ಅದು ಶೇ. 85ನ್ನು ಮೀರುವುದು ಸಾಮಾನ್ಯ. ಕಡಲ ಗಾಳಿಯಲ್ಲಿ ಬರುವ ಉಪ್ಪಿನ ಕಣಗಳು ಚೌಕಟ್ಟಿನ ಮೇಲೆ ಕೂತು ತಾವೂ ತೇವವನ್ನು ಎಳೆದುಕೊಳ್ಳುತ್ತವೆ. ಘಟ್ಟದ ಮೇಲಿನ ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ, ಆದರೆ ಮಳೆಗಾಲದ ತೇವ ಅಲ್ಲಿಯೂ ಕಡಿಮೆಯದಲ್ಲ.

ಕಾಗದದ ಆಯ್ಕೆ ಚಿತ್ರ ಬರೆಯುವ ಮೊದಲೇ ಆಗಬೇಕಾದ ತೀರ್ಮಾನ. ಅಭ್ಯಾಸಕ್ಕೆ ನ್ಯೂಸ್‌ಪ್ರಿಂಟ್ ಸಾಕು. ಉಳಿಸಬೇಕೆಂದಿರುವ ಚಿತ್ರಕ್ಕೆ ಮಾತ್ರ ಆಮ್ಲರಹಿತವಾದ, ಹತ್ತಿಯ ನಾರಿನ, ತುಸು ಒರಟಾದ ದಪ್ಪ ಕಾಗದವನ್ನೇ ಬಳಸಬೇಕು.

ಫಿಕ್ಸೆಟಿವ್ ಸಿಂಪಡಿಸುವುದಕ್ಕೂ ಕಾಲವಿದೆ. ಗಾಳಿ ತೇವವಾಗಿರುವಾಗ ಸಿಂಪಡಿಸಿದರೆ ದ್ರಾವಕ ಆರುವ ತಂಪಿಗೆ ನೀರಿನಂಶ ಕೂತು, ಕಪ್ಪಿನ ಮೇಲೆ ಬಿಳಿಚಿದ ಮಬ್ಬು ಮೂಡಬಹುದು. ಆದ್ದರಿಂದ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ದಿನಗಳಲ್ಲಿ, ಬೆಳಗಿನ ಇಬ್ಬನಿ ಆರಿದ ಮೇಲೆ ಮತ್ತು ಮಧ್ಯಾಹ್ನದ ಕಡಲ ಗಾಳಿ ಏಳುವ ಮೊದಲು, ಬಾಗಿಲು ಕಿಟಕಿ ತೆರೆದ ಜಾಗದಲ್ಲಿ ಈ ಕೆಲಸ ಮುಗಿಸುವುದು ಒಳ್ಳೆಯದು. ಸಡಿಲವಾದ ಪುಡಿಯನ್ನು ಹಿಂದಿನಿಂದ ಮೆಲ್ಲಗೆ ತಟ್ಟಿ ಉದುರಿಸಿ, ಚಿತ್ರವನ್ನು ನೆಟ್ಟಗೆ ನಿಲ್ಲಿಸಿ, ಸುಮಾರು 30 ಸೆಂಟಿಮೀಟರ್ ದೂರದಿಂದ ತೆಳುವಾಗಿ ಒಂದು ಸಲ, ಆರಿದ ಮೇಲೆ ಇನ್ನೊಂದು ಸಲ ಸಿಂಪಡಿಸಿ. ಒಮ್ಮೆಗೇ ದಟ್ಟವಾಗಿ ಹೊಡೆದರೆ ತಿಳಿ ಛಾಯೆಗಳು ಕಪ್ಪಾಗಿ, ನೀವು ಶ್ರಮಪಟ್ಟು ತಂದ ಬೆಳಕು ಕುಂದುತ್ತದೆ. ಅಗ್ಗವೆಂದು ಹಲವರು ಹೇರ್‌ಸ್ಪ್ರೇ ಬಳಸುತ್ತಾರೆ. ಅದು ಕ್ರಮೇಣ ಹಳದಿಗಟ್ಟುವುದರಿಂದ ನಾನು ಅದನ್ನು ಖಂಡಿತ ಒಪ್ಪುವುದಿಲ್ಲ.

ನಿಮ್ಮ ಚಿತ್ರ ಕೆಟ್ಟದ್ದು ಬಹುಶಃ ಫ್ರೇಮಿನೊಳಗೆ. ಗಾಜು ಕಾಗದಕ್ಕೆ ತಾಗಿಕೊಂಡಿದ್ದರೆ ಅದರ ಒಳಮೈಯಲ್ಲಿ ಕಟ್ಟುವ ಪಸೆ ನೇರವಾಗಿ ಚಿತ್ರಕ್ಕೇ ಇಳಿಯುತ್ತದೆ, ಇದ್ದಿಲೂ ಗಾಜಿಗೆ ಅಂಟುತ್ತದೆ. ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಮೌಂಟ್ ಬೋರ್ಡು (ಚಿತ್ರ ಕಾಣುವಂತೆ ನಡುವೆ ಕಿಟಕಿಯ ಹಾಗೆ ಕತ್ತರಿಸಿದ ರಟ್ಟು) ಇಟ್ಟು, ಕೆಲವು ಮಿಲಿಮೀಟರಿನಷ್ಟಾದರೂ ತೆರಪು ಬಿಡುವಂತೆ ಫ್ರೇಮ್ ಕಟ್ಟುವವರಿಗೆ ಒತ್ತಾಯದಿಂದ ಹೇಳಬೇಕು. ಹಗುರವೆಂದು ಅಕ್ರಿಲಿಕ್ ಹಾಳೆ ಹಾಕಿಸಬೇಡಿ: ಉಜ್ಜಿದಾಗ ಅದರಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಪುಡಿಯನ್ನು ತನ್ನತ್ತ ಸೆಳೆಯುತ್ತದೆ. ಹಿಂಬದಿಗೆ ಸಾಮಾನ್ಯವಾಗಿ ಬಡಿಯುವ ಹಾರ್ಡ್‌ಬೋರ್ಡಿನಲ್ಲಿ ಆಮ್ಲದ ಅಂಶವಿರುವುದರಿಂದ ನಡುವೆ ಆಮ್ಲರಹಿತ ರಟ್ಟು ಬೇಕು. ಅಂಟುಪಟ್ಟಿಯನ್ನು ಚಿತ್ರಕ್ಕೆ ತಾಗಿಸಲೇಬಾರದು. ಕಬ್ಬಿಣದ ಮೊಳೆ ಕಡಲತೀರದಲ್ಲಿ ಬೇಗನೆ ತುಕ್ಕು ಹಿಡಿದು ಕಾಗದಕ್ಕೂ ಕಲೆ ಹತ್ತಿಸುತ್ತದೆ, ಹಾಗಾಗಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದನ್ನು ಕೇಳಿ. ಮಳೆಯ ಹೊಡೆತಕ್ಕೆ ಸಿಗುವ ಚಿರೆಕಲ್ಲಿನ ಹೊರಗೋಡೆ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುವುದರಿಂದ, ಚಿತ್ರವನ್ನು ಮನೆಯೊಳಗಿನ ಅಡ್ಡಗೋಡೆಗೆ ತೂಗುಹಾಕಿ, ಫ್ರೇಮಿನ ಹಿಂದಿನ ಕೆಳಮೂಲೆಗಳಿಗೆ ಬೆಂಡಿನ ತುಂಡು ಅಂಟಿಸಿ ಗಾಳಿಯಾಡಲು ದಾರಿ ಮಾಡಬೇಕು.

ಫ್ರೇಮ್ ಹಾಕಿಸದ ಚಿತ್ರಗಳ ನಡುವೆ ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದ ಇಟ್ಟು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮಟ್ಟಸವಾಗಿ ಇಡಬಹುದು. ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿರಬೇಕು. ನುಸಿಗುಳಿಗೆ ಬೂಸ್ಟನ್ನು ತಡೆಯುವುದಿಲ್ಲ. ಲ್ಯಾಮಿನೇಷನ್ ಮಾಡಿಸಿದರೆ ಚಿತ್ರವನ್ನು ಮತ್ತೆ ಬಿಡಿಸಿ ತೆಗೆಯಲಾಗದು.

ಈಗಾಗಲೇ ಬೂಸ್ಟು ಬಂದಿರುವ ಚಿತ್ರವನ್ನು ಮಾಸ್ಕ್ ಧರಿಸಿ ಫ್ರೇಮಿನಿಂದ ಹೊರತೆಗೆದು, ಬೇರೆ ಚಿತ್ರಗಳಿಂದ ದೂರವಿರಿಸಿ, ಒಣಗಿದ ಕೋಣೆಯ ನೆರಳಿನಲ್ಲಿ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಬೂಸ್ಟಿನ ಜೊತೆಗೆ ಇದ್ದಿಲೂ ಹೋಗುತ್ತದೆ. ಪೂರ್ತಿ ಒಣಗಿದ ಮೇಲೂ ಕಲೆ ಉಳಿದಿದ್ದು, ಚಿತ್ರ ನಿಮಗೆ ಬೆಲೆಯುಳ್ಳದ್ದಾಗಿದ್ದರೆ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಬೆಂಗಳೂರಿನಲ್ಲಿ ನಡೆಸುವ ಕಲಾ ಸಂರಕ್ಷಣಾ ಕೇಂದ್ರದಂಥ ಕಡೆ, ಕಾಗದದ ಕೆಲಸ ಬಲ್ಲವರಿಗೆ ತೋರಿಸುವುದು ಮೇಲು.